ಸೀಟಿಲ್ಲದ ಸೈಕಲ್ಲಿನ ಅಂಬ್ರಪ್ಪ

ಸೈಕಲ್ ಅಂದಮೇಲೆ ಅದಕ್ಕೆ ಸೀಟು ಇದ್ದೇ ಇರುತ್ತದೆ ಎಂದು ಐವತ್ತು ದಾಟುವವರೆಗೂ ನಂಬಿಕೊಂಡಿದ್ದೆ. ಆ ನಂಬಿಕೆ ಮುರಿದುಬಿದ್ದದ್ದು ಸುರಪುರದ ಬಸ್‌ಸ್ಟ್ಯಾಂಡಿನ ಮುಂದೆ, ಕಕ್ಕೇರಾ ಬಸ್ಸು ಕಿಟಕಿ ತುಂಬಾ ಮುಖ ಹೊತ್ತು ನಿಂತಿದ್ದಾಗ.

ದೇವಾಪುರದ ಅಂಬ್ರಪ್ಪ ತನ್ನ ಸೈಕಲ್ಲನ್ನು ನನ್ನ ಕೈಗೆ ಕೊಟ್ಟು, "ಸರ, ಒಂದೀಟು ಹಿಡ್ಕೊಂಡು ನಿಂದರ್ರಿ, ವಾಷರ್ ತೊಗೊಂಡು ಬರ್ತೀನಿ" ಎಂದು ಹಾರ್ಡ್‌ವೇರ್ ಅಂಗಡಿಗೆ ಹೋದ. ನಿಂದರು ಅಂದರೆ ನಿಲ್ಲುವ ಜಾಯಮಾನ ನನ್ನದಲ್ಲ. ಕಾಲು ದಾಟಿಸಿ ಕೂತೆ. ಕೂಡಲು ಅಲ್ಲಿ ಏನೂ ಇರಲಿಲ್ಲ. ನೇರ ಹಿಂದಿನ ಗಾಲಿಯ ಮೇಲೆ ಇಳಿದೆ. ಗಾಲಿ ಮುಂದಕ್ಕೆ ಹೋಯಿತು, ನಾನು ಹಿಂದಕ್ಕೆ ಹೋದೆ, ಪ್ಯಾಂಟು ಎರಡೂ ಕಡೆ ಹೋಯಿತು.

ಬಸ್ಸಿನ ಕಿಟಕಿಯಲ್ಲಿ ಒಬ್ಬಾಕೆ ಕೇಳಿದಳು, "ಯವ್ವಾ, ಗಣಪ್ಪನ ಮುಂದ ಹಾಸ್ಯಾ ಹೇಳ್ತಾರಲ್ಲ, ಅವ್ರ ಹೌದಲ್ಲೇನ ಇವ್ರು?"

"ಹೌದ ನೋಡ. ಅಲ್ಲಿಗಿಂತ ಇಲ್ಲೇ ಚೊಲೊ ಮಾಡ್ಯಾರ" ಎಂದಳು ಪಕ್ಕದಾಕೆ.

ಅಂಬ್ರಪ್ಪ ಓಡಿಬಂದ. ಎತ್ತಿದ್ದು ನನ್ನನ್ನಲ್ಲ, ಸೈಕಲ್ಲನ್ನು.

"ರಿಮ್ಮಿಗೆ ಕೈ ಹಚ್ಚೀರೇನ್ರಿ?"

"ನನ್ನ ಸೊಂಟ..."

"ಸೊಂಟ ಇರ್ಲಿ. ತಲಿಗೆ ಎಣ್ಣಿ ಹಚ್ಚೀರಲ್ಲ, ಅದ ಕೈಲೇನ್ರಿ?"

ಕಿಸೆಯಿಂದ ಬಟ್ಟೆ ತೆಗೆದು, ನನ್ನ ಬೆರಳು ತಾಗಿದ ಜಾಗವನ್ನು ಮಗುವಿನ ಗಾಯ ಒರೆಸುವ ಹಾಗೆ ಒರೆಸಿದ. ಆಮೇಲೆ ನನ್ನನ್ನೂ ಎಬ್ಬಿಸಿದ. ನಮ್ಮ ಸ್ನೇಹ ಶುರುವಾದದ್ದು ಹೀಗೆ.

ಅಂಬ್ರಪ್ಪ ದೇವಾಪುರದ ವಾಟರ್‌ಮನ್. ನಸುಕಿನಲ್ಲೆದ್ದು ವಾಲ್ವ್ ತಿರುವಿ, ಓಣಿಗೊಂದು ಪಾಳಿಯಂತೆ ನೀರು ಬಿಟ್ಟು, ನೀರು ಬಂದ ಓಣಿಯವರಿಂದ ತಡವಾಯಿತೆಂದೂ ಬಾರದ ಓಣಿಯವರಿಂದ ಬರಲಿಲ್ಲವೆಂದೂ ಬೈಸಿಕೊಳ್ಳುವುದು ಅವನ ಕೆಲಸ. ಉಳಿದ ಹೊತ್ತಿನಲ್ಲಿ ಅವನು ಗುಡ್ಡದಲ್ಲಿರುತ್ತಿದ್ದ. ಕಾಲು ನೆಲಕ್ಕೆ ಊರದೆ ಬಂಡೆಯಿಂದ ಬಂಡೆಗೆ ಸೈಕಲ್ ಜಿಗಿಸುವ ಆಟಕ್ಕೆ ಟ್ರಯಲ್ಸ್ ಅನ್ನುತ್ತಾರೆ. ಆಡುವವನು ಕೂಡುವುದೇ ಇಲ್ಲವಾದ್ದರಿಂದ ಅದರ ಸೈಕಲ್ಲಿಗೆ ಸೀಟೇ ಇರುವುದಿಲ್ಲ. ಫೋನಿನ ವಿಡಿಯೋಗಳಲ್ಲಿ ಪರದೇಶದವರು ಸಿಮೆಂಟಿನ ಕಟ್ಟೆ ಕಟ್ಟಿಕೊಂಡು ಆಡುವುದನ್ನು ನೋಡಿ ಅವನು ಅಂದುಕೊಂಡನಂತೆ: ಇವರು ರೊಕ್ಕ ಕೊಟ್ಟು ಕಟ್ಟಿಸಿದ್ದು ನಮ್ಮಲ್ಲಿ ಪುಕ್ಕಟೆ ಬಿದ್ದದ.

ಶಹಾಪುರದ ಗುಜರಿ ವ್ಯಾಪಾರಿ ವಹಾಬ ಹೈದರಾಬಾದಿನಿಂದ ತಂದ ಕಬ್ಬಿಣದ ರಾಶಿಯಲ್ಲಿ ಈ ಗಿಡ್ಡ ಚೌಕಟ್ಟು ಸಿಕ್ಕಿತ್ತು. "ಲಂಗಡಾ ಸೈಕಲ್ ಅದ, ಕುಂಟ, ತೂಕಕ್ಕ ಹಾಕಲೇನು?" ಎಂದಿದ್ದ ವಹಾಬ. ಅಂದಿನಿಂದ ಅಂಬ್ರಪ್ಪ ಅದಕ್ಕೊಂದೊಂದೇ ಅಂಗ ಜೋಡಿಸಿದ. ಮೊದಲು ಹಾಲು ಮಾರುವವನ ಹಳೆ ಸೈಕಲ್ಲಿನ ಸರಪಳಿ ಹಾಕಿದ. ಅದು ಜಿಗಿತದ ನಡುವೆ ಹರಿದು, ಅವನ ಮುಂದಿನ ಎರಡು ಹಲ್ಲು ಸುರಪುರದ ಗುಡ್ಡದಲ್ಲೇ ಉಳಿದವು. "ಸರಪಳ್ಯಾಗ ಕಂಜೂಸಿ ಮಾಡಬಾರದ್ರಿ" ಎಂದು ಹೇಳುವಾಗ ಆ ಸಂದಿಯಿಂದ ಗಾಳಿ ಬರುತ್ತಿತ್ತು. ಆಮೇಲೆ ಹೊಸದನ್ನೇ ತರಿಸುತ್ತಿದ್ದ, ಮತ್ತು ವಾರಕ್ಕೊಮ್ಮೆ ಹೆಂಡತಿ ಬಾಲಮ್ಮ ಬೇಳೆ ಆರಿಸುತ್ತ ಕೂತಾಗ ಪಕ್ಕದಲ್ಲಿ ಕೂತು ಕೊಂಡಿ ಕೊಂಡಿ ಮಣಿಸಿ ನೋಡುತ್ತಿದ್ದ. ಹಿಂದಿನ ಟೈರು ಅಗಲ, ಗಾಳಿ ಕಡಿಮೆ. ಎಷ್ಟು ಕಡಿಮೆ? "ಹೆಬ್ಬೆರಳು ಒತ್ತಿದ್ರ ರಿಮ್ಮಿಗೆ ತಾಗಬಾರದು, ತಾಗ್ತದೇನೋ ಅಂತ ಅಂಜಿಕಿ ಬರಬೇಕು."

ಎಲ್ಲಕ್ಕಿಂತ ಅವನಿಗೆ ಬ್ರೇಕಿನ ಮೇಲೆ ಜೀವ. ಹಿಂದಿನ ಗಾಲಿ ಹಿಡಿದರೆ ಸೈಕಲ್ ಬಂಡೆಯ ತುದಿಯಲ್ಲಿ ನಿಲ್ಲುತ್ತದೆ, ಹಿಡಿಯದಿದ್ದರೆ ಸವಾರ ಕೆಳಗಿರುತ್ತಾನೆ. ತಂತಿಯ ಬದಲು ಎಣ್ಣೆಯ ಒತ್ತಡದಿಂದ ಹಿಡಿಯುವ ಆ ಬ್ರೇಕಿನ ನಳಿಕೆಯಿಂದ ಎಣ್ಣೆ ತೆಗೆದು ನೀರು ತುಂಬಿದ್ದ. "ನೀರು ಜಲ್ದಿ ಮಾತು ಕೇಳ್ತದ್ರಿ" ಎಂದ. ದಿನವೂ ನೀರಿನ ಹೆಸರಿನಲ್ಲಿ ಬೈಸಿಕೊಳ್ಳುವವನ ಬಾಯಲ್ಲಿ ಈ ಪ್ರಶಂಸೆ ಕೇಳಿ ನನಗೆ ನಗು ಬಂತು. ರಿಮ್ಮಿನ ಎರಡೂ ಮೈಯನ್ನು ಗ್ರೈಂಡರಿನಿಂದ ಗೀರಿ ಕೊಬ್ಬರಿ ತುರಿಯುವ ಮಣೆಯಂತೆ ಒರಟು ಮಾಡಿ, ರಸ್ತೆಗೆ ಹಾಕುವ ಡಾಂಬರಿನ ಉಂಡೆ ತಿಕ್ಕಿದ್ದ. ನೋಡಲು ಹೊಲಸು. ಹಿಡಿದರೆ ಮಾತ್ರ ಗಾಲಿ ಕಲ್ಲಾಗುತ್ತಿತ್ತು. "ಹಿಡೀಲೋ ಬ್ಯಾಡೋ ಅಂತ ವಿಚಾರ ಮಾಡೋ ಬ್ರೇಕ್ ನನಗ ಬ್ಯಾಡ್ರಿ."

ವಹಾಬ ತೆಗೆದ ಒಂದು ವಿಡಿಯೋ ನೋಡಿ ಹೈದರಾಬಾದಿನ ಟ್ರಯಲ್ಸ್ ತಂಡವೊಂದು ಫೋನ್ ಮಾಡಿತು. ಮಕ್ಕಳಿಗೆ ಆಟ ಕಲಿಸಲು ಅವರಿಗೊಬ್ಬ ಬೇಕಿತ್ತು. ಬನ್ನಿ ಹಬ್ಬದ ಮುಂಜಾನೆ ಶಹಾಪುರದ ಗುಡ್ಡಕ್ಕೆ ಬಂದು ನೋಡುವುದಾಗಿ ಹೇಳಿದರು. ವಯಸ್ಸು ಈಗಲೇ ಅಂಚಿನಲ್ಲಿದೆ, ಮುಂದಿನ ವರ್ಷ ಕರೆಯುವುದಿಲ್ಲ ಎಂದೂ ಹೇಳಿದರು. ಅಂಬ್ರಪ್ಪ ಅಂದು ಮೊದಲ ಬಾರಿಗೆ ವಾಲ್ವ್ ತಿರುವುತ್ತ ಹಾಡಿದನೆಂದು ಬಾಲಮ್ಮ ದೂರಿದಳು.

ಸುದ್ದಿ ಚನ್ನಯ್ಯನಿಗೆ ಮುಟ್ಟಿತು. ಚನ್ನಯ್ಯ ಊರಿನ ಸಿಮೆಂಟ್ ವ್ಯಾಪಾರಿ, ಮುಖಂಡ. ಅಲ್ಲಿಯವರೆಗೆ ಅಂಬ್ರಪ್ಪನನ್ನು "ಮಂಗ್ಯಾ" ಎನ್ನುತ್ತಿದ್ದವನು ಒಂದೇ ದಿನದಲ್ಲಿ "ನಮ್ಮ ಅಂಬ್ರು" ಎನ್ನತೊಡಗಿದ. ಮಹಾನವಮಿಯ ಆಯುಧಪೂಜೆಗೆ ತನ್ನ ಟ್ರ್ಯಾಕ್ಟರು, ಟೆಂಪೋಗಳ ಸಾಲಿನಲ್ಲಿ ಈ ಸೈಕಲ್ಲೂ ನಿಲ್ಲಬೇಕೆಂದ.

"ಹೂವ ಹಾಕ್ರಿ ಸಾವ್ಕಾರ್ರ, ಗಾಲಿಗೆ ಏನೂ ಹಚ್ಚಬ್ಯಾಡ್ರಿ" ಎಂದ ಅಂಬ್ರಪ್ಪ.

"ನಮಗ ಪೂಜಿ ಕಲಸ್ತೀ ಏನಲೇ?"

ಪಕ್ಕದಲ್ಲೇ ಕಾವಲು ಕೂಡಬೇಕೆಂದಿದ್ದ ಅಂಬ್ರಪ್ಪನಿಗೆ ಅದು ಆಗಲಿಲ್ಲ. ಆವತ್ತು ಊರಿನ ಎಲ್ಲ ಗಾಡಿಗಳೂ ಮೈ ತೊಳೆಸಿಕೊಳ್ಳುವ ದಿನ. ವಾಟರ್‌ಮನ್ ವಾಲ್ವ್ ಬಿಟ್ಟು ಕದಲುವಂತಿಲ್ಲ. ಅವನೇ ಬಿಟ್ಟ ನೀರಿನಲ್ಲಿ ಚನ್ನಯ್ಯನ ಮಂದಿ ಅವನ ಸೈಕಲ್ಲನ್ನು ತೊಳೆದರು. ಪಾಪ, ಪ್ರೀತಿಯಿಂದಲೇ ತೊಳೆದರು. ಹೊಲಸು ಕಂಡ ಡಾಂಬರನ್ನು ಸೀಮೆಎಣ್ಣೆ ಹಾಕಿ ತೆಗೆದರು. ಒರಟು ರಿಮ್ಮು ತುಕ್ಕು ಹಿಡಿದಿದೆಯೆಂದು ಕುಸುಬಿ ಎಣ್ಣೆ ಹಚ್ಚಿ, ಮುಖ ಕಾಣುವ ಹಾಗೆ ತಿಕ್ಕಿದರು.

ಬನ್ನಿ ದಿನ ಗುಡ್ಡದ ಬುಡದಲ್ಲಿ ನಾನೂ ಇದ್ದೆ. ಭಾಷಣಕ್ಕೆಂದು ಕರೆದಿದ್ದರು, ಹೊಸ ಪ್ಯಾಂಟಿತ್ತು. ಚೆಂಡುಹೂವಿನ ಹಾರ, ಕುಂಕುಮ, ನಿಂಬೆಹಣ್ಣು ಸಮೇತ ಸೈಕಲ್ ಟೆಂಪೋದಿಂದ ಇಳಿಯಿತು. ನಸುಕಿನ ನೀರು ಬಿಟ್ಟು ಮುಗಿಸಿ ಯಾರದೋ ಬೈಕಿನ ಹಿಂದೆ ಬಂದ ಅಂಬ್ರಪ್ಪ ರಿಮ್ಮಿನ ಮೇಲೆ ಬೆರಳೆಳೆದು ಮೂಸಿದ.

"ಏನೋ?" ಎಂದೆ.

"ಕುಸುಬಿ ಎಣ್ಣಿರಿ."

ನೇರ ಚನ್ನಯ್ಯನ ಬಳಿ ಹೋದ. "ಸಾವ್ಕಾರ್ರ, ಅವ್ರಿಗೆ ಹೇಳಿ ಒಂದು ತಾಸು ಕೊಡಸ್ರಿ. ವಹಾಬನ ಅಂಗಡ್ಯಾಗ ಗ್ರೈಂಡರ್ ಅದ, ತಿಕ್ಕಿ ತೆಗದು ಬರ್ತೀನಿ."

"ಪೂಜಿ ಮಾಡಿ ಹಚ್ಚಿದ್ದನ್ನ ತಿಕ್ಕಿ ತೆಗೀತೀಯಾ?" ಚನ್ನಯ್ಯ ಎಲ್ಲರಿಗೂ ಕೇಳುವಂತೆ ಕೂಗಿದ. "ತಾಯಿ ಹೆಸರ್ಲೆ ಹಚ್ಚೀವಲೇ ಅದನ್ನ! ನಿಮ್ಮವ್ವ ಇದನ್ನ ಕಲಿಸ್ಯಾಳ ನಿನಗ?"

ಹೈದರಾಬಾದಿನವರು ಗಡಿಯಾರ ನೋಡಿಕೊಂಡರು. ಅಂಬ್ರಪ್ಪ ಅಂಗಿ ಬಿಚ್ಚಿ ರಿಮ್ಮು ಒರೆಸಿದ, ಮಣ್ಣು ಹಾಕಿ ತಿಕ್ಕಿದ, ಮತ್ತೆ ಒರೆಸಿದ.

"ನಿಲ್ತದೇನೋ?" ಎಂದು ಮೆಲ್ಲಗೆ ಕೇಳಿದೆ.

"ಎರಡು ಬಂಡಿಗಲ್ಲಿನ ಮ್ಯಾಲ ನಿಲ್ತದ್ರಿ. ಮೂರನೇದು ಇಳಕಲ ಅದ."

ಗೊತ್ತಿದ್ದೂ ಹತ್ತಿದ. ಮೊದಲ ಬಂಡೆಯ ಮೇಲೆ ಹಿಂದಿನ ಗಾಲಿಯೊಂದರ ಮೇಲೇ ನಿಂತು, ಗುಬ್ಬಿಯಂತೆ ಎರಡು ಸಲ ಕುಪ್ಪಳಿಸಿ ಎರಡನೆಯದಕ್ಕೆ ಹಾರಿದಾಗ ಹೈದರಾಬಾದಿನ ಹಿರಿಯ ಬಾಯಿ ತೆರೆದ. ಮೂರನೆಯದರ ಮೇಲೂ ಗಾಲಿ ಸರಿಯಾದ ಜಾಗಕ್ಕೇ ಬಿತ್ತು. ಬ್ರೇಕ್ ಹಿಡಿದ; ಬ್ರೇಕ್ ಹಿಡಿಯಲಿಲ್ಲ. ಸೈಕಲ್ ಸದ್ದಿಲ್ಲದೆ ಹಿಂದಕ್ಕೆ ಜಾರಿತು. ಜನ ಮೊದಲು ನಕ್ಕರು, ಆಮೇಲೆ ಅವನ ಬಲಗೈ ತಿರುಗಿದ ರೀತಿ ನೋಡಿದರು.

ಹಿರಿಯ ಬಂದು ರಿಮ್ಮು ಮುಟ್ಟಿ, ಬೆರಳು ನೋಡಿಕೊಂಡ. "ರಿಮ್ ಪೇ ತೇಲ್? ಇತ್ತಾ ಭೀ ನೈ ಮಾಲೂಮ್?" ಇಷ್ಟೂ ತಿಳಿಯದೆ ಬ್ರೇಕಿಗೆ ಎಣ್ಣೆ ಹಚ್ಚುವವನ ಕೈಗೆ ಮಕ್ಕಳನ್ನು ಹೇಗೆ ಕೊಡುವುದು ಎಂದ. ಹಚ್ಚಿದವರು ಯಾರೆಂದು ಹೇಳಲು ವಹಾಬ ಬಾಯಿ ತೆರೆಯುವಷ್ಟರಲ್ಲಿ, ನೆಲದ ಮೇಲಿದ್ದ ಅಂಬ್ರಪ್ಪ ಎಡಗೈಯಿಂದ ಅವನ ಪೈಜಾಮ ಹಿಡಿದು ಜಗ್ಗಿದ. ದೇವಾಪುರವೇ ಎದ್ದುಬಂದು ಸುತ್ತ ನಿಂತಿತ್ತು. ಆ ಊರಿಗೇ ನಾಳೆಯೂ ಅವನು ನೀರು ಬಿಡಬೇಕು. ವಹಾಬ ಸುಮ್ಮನಾದ, ಹೈದರಾಬಾದಿನ ಕಾರು ಹೊರಟಿತು.

"ಪೂಜಿ ಆಗಿತ್ತಂತ ಕೈಗೆ ಹೋತು, ಇಲ್ಲಂದ್ರ ತಲಿಗೇ ಬರ್ತಿತ್ತು" ಎಂದ ಚನ್ನಯ್ಯ. ಎಲ್ಲರೂ ಹೌದೆಂದರು. ಆಸ್ಪತ್ರೆಗೆ ಸಾಗಿಸುವ ಟೆಂಪೋದಲ್ಲೇ, ಹಬ್ಬವಲ್ಲವೇ, ಅವನ ಎಡಗೈಗೆ ಬನ್ನಿ ಎಲೆ ಕೊಟ್ಟು "ಬಂಗಾರದಂಗ ಇರೋಣು" ಎಂದರು. ಅವನೂ "ಇರೋಣ್ರಿ" ಎಂದ. ನನ್ನ ಭಾಷಣ ರದ್ದಾಯಿತು. ಆವತ್ತು ಯಾರಿಗಾದರೂ ಆದ ಲಾಭ ಅಂದರೆ ಅದೊಂದೇ.

ದೀಪಾವಳಿ ಕಳೆದ ಮೇಲೆ ದೇವಾಪುರಕ್ಕೆ ಹೋದೆ. ಕೈಗೆ ಪ್ಲಾಸ್ಟರ್ ಇತ್ತು. ಎಡಗೈಯಲ್ಲಿ ವಾಲ್ವ್ ತಿರುವುತ್ತಿದ್ದ, ಬಿಗಿ ಇದ್ದಲ್ಲಿ ಬಾಲಮ್ಮ ಕೈ ಹಾಕುತ್ತಿದ್ದಳು. ಕೈ ಕೂಡಿದರೂ ಮಣಿಕಟ್ಟು ಮೊದಲಿನಂತೆ ಬಗ್ಗುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ ಎಂದಳು. "ನಿದ್ದ್ಯಾಗೂ ಎರಡು ಬೆರಳು ಮಡಚ್ತಾನ್ರಿ, ಬ್ರೇಕ್ ಹಿಡಿದಂಗ."

ಸೈಕಲ್ ನೀರಿನ ಟಾಕಿಗೆ ಒರಗಿ ನಿಂತಿತ್ತು. ಹಾರ ಒಣಗಿ ದಾರ ಉಳಿದಿತ್ತು. ರಿಮ್ಮು ಮಾತ್ರ ಇನ್ನೂ ಹೊಳೆಯುತ್ತಿತ್ತು.

"ಇನ್ನ ಇದಕ್ಕ ಏನು ಮಾಡ್ತೀಯೋ ಅಂಬ್ರಪ್ಪ?" ಎಂದೆ.

ಅವನು ವಾಲ್ವಿನ ಕೊನೆಯ ಸುತ್ತು ತಿರುವಿ, ಹನಿ ನಿಂತದ್ದನ್ನು ಖಾತ್ರಿ ಮಾಡಿಕೊಂಡು ಹೇಳಿದ:

"ಸೀಟ್ ಹಾಕಸ್ತೀನ್ರಿ ಸರ. ಇನ್ನೊಮ್ಮೆ ಬಂದಾಗ ಕೂಡ್ರಿ."