ದೊಡ್ಡಮ್ಮ ಕೂತು ಹೋದ ಬಸ್ಸುಗಳು

ನನ್ನ ದೊಡ್ಡಮ್ಮ ಮೂವತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದಳು. ಅಷ್ಟೂ ವರ್ಷ ನಿಂತೇ ಇದ್ದಳು ಎಂದರೆ ಹೆಚ್ಚು ಹೇಳಿದಂತಾಗುವುದಿಲ್ಲ. ಕಂಡಕ್ಟರಿಗೆಂದು ಒಂದು ಸೀಟು ಇರುತ್ತದೆ, ನಿಜ. ಆದರೆ ಅವಳ ಬಸ್ಸಿನಲ್ಲಿ ಆ ಸೀಟಿನ ಮೇಲೆ ಯಾವಾಗಲೂ ಒಬ್ಬ ಬಸುರಿಯೋ, ಮಂಡಿ ಹಿಡಿದುಕೊಂಡ ಮುದುಕರೋ, ಇಲ್ಲವೇ ಶಾಲೆಯ ಚೀಲಗಳ ರಾಶಿಯೋ ಇರುತ್ತಿತ್ತು. ಬಸ್ಸು ಎಷ್ಟೇ ಜೋರಾಗಿ ತಿರುಗಲಿ, ಎಂಥಾ ಬ್ರೇಕೇ ಬೀಳಲಿ, ಅವಳು ಏನನ್ನೂ ಹಿಡಿದುಕೊಳ್ಳದೆ ನಿಲ್ಲುತ್ತಿದ್ದಳು. ಮನೆಯಲ್ಲಿ ಅಡುಗೆ ಮಾಡುವಾಗಲೂ ಕಾಲು ಅಗಲಿಸಿಯೇ ನಿಲ್ಲುವಳು, ಒಲೆ ಯಾವಾಗ ತಿರುವು ತೆಗೆದುಕೊಳ್ಳುತ್ತದೋ ಎನ್ನುವ ಹಾಗೆ.

ಅವಳಿಗೆ ಒಂದು ಹೆಮ್ಮೆಯಿತ್ತು. “ಹತ್ತೋವಾಗ ಒಂದು ಸಲ ಮುಖ ನೋಡಿದ್ರೆ ಸಾಕು, ಎಲ್ಲಿ ಇಳೀತಾರೆ ಅಂತ ಹೇಳಿಬಿಡ್ತೀನಿ” ಎನ್ನುತ್ತಿದ್ದಳು. ಮನುಷ್ಯರ ವಿಷಯದಲ್ಲಿ ತಾನು ತಪ್ಪುವುದಿಲ್ಲ ಎಂಬುದು ಅವಳ ಗಟ್ಟಿ ನಂಬಿಕೆ. ನಾವೂ ನಂಬಿದ್ದೆವು.

ದೊಡ್ಡಪ್ಪ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮುಂದಿನ ಭಾಗದಲ್ಲಿ ಗಿರಾಕಿಗಳ ಜೊತೆ ಮಾತಾಡುವ ಕೆಲಸವಲ್ಲ, ಹಿಂದಿನ ಸಣ್ಣ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ. ಅವನಿಗೆ ಅದೇ ಹಿತ. ಒಮ್ಮೆ ಅಳೆದದ್ದನ್ನು ಇನ್ನೊಮ್ಮೆ ಅಳೆಯದೆ ಕೈ ಹಾಕುವವನಲ್ಲ. ಮನೆಗೆ ಬೀಗ ಹಾಕಿ ಹತ್ತು ಹೆಜ್ಜೆ ನಡೆದು, ತಿರುಗಿ ಬಂದು ಎಳೆದು ನೋಡುವವನು. ಗೊತ್ತಿಲ್ಲದವರನ್ನು ದಾರಿ ಕೇಳುವುದಕ್ಕಿಂತ ಅರ್ಧ ಗಂಟೆ ತಪ್ಪು ದಾರಿಯಲ್ಲಿ ನಡೆಯುವುದೇ ವಾಸಿ ಎಂದುಕೊಂಡವನು.

ದೊಡ್ಡಮ್ಮ ನಿವೃತ್ತಳಾದ ಎರಡು ತಿಂಗಳಿಗೆ ಇಬ್ಬರೂ ಐದು ದಿನದ ಮಟ್ಟಿಗೆ, ಹಿಂದೆಂದೂ ನೋಡದ ಒಂದು ದೊಡ್ಡ ಊರಿಗೆ ಹೊರಟರು. ಅಲ್ಲಿ ನೆಂಟರಿರಲಿಲ್ಲ, ಕೆಲಸವಿರಲಿಲ್ಲ, ಮದುವೆ ಮುಂಜಿ ಏನೂ ಇರಲಿಲ್ಲ. ಸುಮ್ಮನೆ ಹೋಗುವುದು, ಅಷ್ಟೇ. ದೊಡ್ಡಪ್ಪ ಚೌಕುಳಿ ಕಾಗದದ ಮೇಲೆ ಗೆರೆ ಎಳೆದು ಪಟ್ಟಿ ಮಾಡಿದ್ದ. ಹತ್ತು ಗಂಟೆಗೆ ವಸ್ತುಸಂಗ್ರಹಾಲಯ, ಹನ್ನೆರಡೂವರೆಗೆ ಕೆರೆ, ಎರಡಕ್ಕೆ ಊಟ, ಮೂರಕ್ಕೆ ಹಳೇ ಕೋಟೆ.

ದೊಡ್ಡಮ್ಮ ಅದನ್ನು ನೋಡಿ, “ರೀ, ಇದು ರಜೆಯೋ, ಡ್ಯೂಟಿ ಚಾರ್ಟೋ?” ಎಂದಳು.

“ಮತ್ತೆ ನಿನಗೇನು ನೋಡಬೇಕು ಹೇಳು.”

“ನೋಡೋದಲ್ಲ, ಕೂರಬೇಕು. ಕಿಟಕಿ ಪಕ್ಕ. ಯಾವ ಬಸ್ಸಾದ್ರೂ ಸರಿ, ಕೊನೆ ಸ್ಟಾಪ್ ತನಕ. ‘ಒಳಗೆ ಹೋಗಿ, ಒಳಗೆ ಹೋಗಿ’ ಅಂತ ಯಾರಿಗೂ ಹೇಳದೆ.”

ಅವರು ಇಳಿದುಕೊಂಡಿದ್ದು ಕೊಡೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಕೋಣೆಯಲ್ಲಿ ಎರಡು ಮಂಚ, ಎರಡೂ ಬೇರೆ ಬೇರೆ ಎತ್ತರ. ದೊಡ್ಡಪ್ಪನಿಗೆ ಎತ್ತರದ್ದು ಸಿಕ್ಕಿತು. ಹೆಂಡತಿಯ ಜೊತೆ ಮಾತಾಡಬೇಕಾದರೆ ಬಾವಿಯೊಳಗೆ ಇಣುಕುವ ಹಾಗೆ ಇಣುಕಬೇಕಿತ್ತು. ಬೆಳಿಗ್ಗೆ ಎದ್ದು ಇಬ್ಬರೂ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದು, ದಿನವಿಡೀ ನಡೆಯುವ ಬಸ್ ಪಾಸು ತೆಗೆದುಕೊಂಡು, ಮೊದಲು ಬಂದ ಬಸ್ಸನ್ನು ಹತ್ತಿದರು.

ಆ ಬಸ್ಸಿನ ಕೊನೆಯ ನಿಲ್ದಾಣ ಏಣಿ ಮಾಡುವವರ ಬೀದಿ. ಎರಡೂ ಬದಿಯ ಗೋಡೆಗಳಿಗೆ ಉದ್ದಕ್ಕೂ ಹೊಸ ಮರದ ಏಣಿಗಳು ಒರಗಿದ್ದವು. ಒಂದರ ಮೇಲೂ ಯಾರೂ ಹತ್ತಿರಲಿಲ್ಲ. ದೊಡ್ಡಮ್ಮನಿಗೆ ಅದು ಬಹಳ ಹಿಡಿಸಿತು. ಎರಡನೇ ಬಸ್ಸು ದೊಡ್ಡಪ್ಪನ ಪಟ್ಟಿಯಲ್ಲಿದ್ದ ಕೆರೆಗೇ ಹೋಯಿತು, ಆದರೆ ಅದರ ಹಿಂಬದಿಗೆ. ಅಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುತ್ತಿದ್ದರು. ದಡದ ತುಂಬ ನೂರಾರು ಬಿಳಿ ಬಟ್ಟೆಗಳು ಗಾಳಿಗೆ ಉಬ್ಬಿಕೊಂಡು ನಿಂತಿದ್ದವು. “ಮುಂದಿನಿಂದ ನೋಡಿದ್ರೆ ಬರೀ ನೀರು ಕಾಣ್ತಿತ್ತು” ಎಂದು ದೊಡ್ಡಪ್ಪನೇ ಒಪ್ಪಿಕೊಂಡ. ಆ ಸಂಜೆಯಿಂದ ಪಟ್ಟಿ ಜೇಬಿನಲ್ಲೇ ಉಳಿಯಿತು.

ಕೂರುವುದೇನೋ ಸುಲಭವಾಗಿರಲಿಲ್ಲ. ಪ್ರತಿ ನಿಲ್ದಾಣದಲ್ಲೂ ದೊಡ್ಡಮ್ಮನ ಬಾಯಿ ತಾನಾಗಿಯೇ ಹತ್ತಿದವರನ್ನು ಎಣಿಸುತ್ತಿತ್ತು. ಎರಡನೇ ದಿನ ಒಂದು ಬಸ್ಸಿನಲ್ಲಿ ಬಾಗಿಲ ಬಳಿ ಜನ ಗಂಟು ಕಟ್ಟಿಕೊಂಡು ನಿಂತಾಗ ತಡೆಯಲಾರದೆ ಎದ್ದು, “ನಡೀರಿ, ಮುಂದೆ ಜಾಗ ಇದೆ, ಬಾಗಿಲಿಗೆ ಅಂಟಿಕೊಂಡಿದ್ರೆ ಮನೆ ಹತ್ತಿರ ಬರಲ್ಲ” ಎಂದಳು. ಇಡೀ ಬಸ್ಸು ಮರುಮಾತಿಲ್ಲದೆ ಮುಂದೆ ಸರಿಯಿತು. ಆ ಬಸ್ಸಿನ ನಿಜವಾದ ಕಂಡಕ್ಟರು ಕೂಡ ಎರಡು ಹೆಜ್ಜೆ ಸರಿದನಂತೆ. ದೊಡ್ಡಪ್ಪ ಅವಳ ತೋಳು ಹಿಡಿದು ಕೂರಿಸಿದ.

ಮೂರನೇ ದಿನ ನಡೆದದ್ದು ಬೇರೆ.

ಮಾರುಕಟ್ಟೆಯ ನಿಲ್ದಾಣದಲ್ಲಿ ಬಸ್ಸು ತುಂಬಿ ತುಳುಕುತ್ತಿತ್ತು. ಇಬ್ಬರಿಗೂ ಒಂದೇ ಕಡೆ ಜಾಗ ಸಿಕ್ಕಿರಲಿಲ್ಲ. ದೊಡ್ಡಮ್ಮ ಮುಂದೆ ಕಿಟಕಿಯ ಪಕ್ಕ ಕೂತಿದ್ದಳು, ದೊಡ್ಡಪ್ಪ ಬಾಗಿಲ ಬಳಿ ನಿಂತಿದ್ದ. ಒಬ್ಬಾಕೆ ಸುತ್ತಿದ ಹಾಸಿಗೆಯೊಂದನ್ನು ಹೊತ್ತು ಇಳಿಯಲು ಒದ್ದಾಡುತ್ತಿದ್ದಳು. ದೊಡ್ಡಪ್ಪ ಅದರ ಇನ್ನೊಂದು ತುದಿ ಹಿಡಿದು ಕೆಳಗಿಳಿದ. ಹಾಸಿಗೆಯನ್ನು ನೆಲಕ್ಕೆ ಮುಟ್ಟಿಸಿ ತಿರುಗುವಷ್ಟರಲ್ಲಿ ಬಾಗಿಲು ಮುಚ್ಚಿತು, ಬಸ್ಸು ಹೊರಟಿತು. ಅವನ ಫೋನು, ಪರ್ಸು, ಪಾಸು ಮೂರೂ ದೊಡ್ಡಮ್ಮನ ಕೈಚೀಲದಲ್ಲಿದ್ದವು. ಜೇಬುಗಳ್ಳರ ಭಯಕ್ಕೆ ಅವನೇ ಕೊಟ್ಟಿದ್ದು.

ದೊಡ್ಡಮ್ಮ ಕಿಟಕಿಯಿಂದ ಅವನನ್ನು ನೋಡಿದಳು. ಕಿರುಚಲಿಲ್ಲ. ನಿಲ್ದಾಣದ ಪಕ್ಕದ ಸೇತುವೆ ಹತ್ತುತ್ತಿರುವ ಬಸ್ಸನ್ನು ನಡುದಾರಿಯಲ್ಲಿ ನಿಲ್ಲಿಸಬಾರದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಂಡಕ್ಟರಿಗೆ ವಿಷಯ ಹೇಳಿ, ಸೇತುವೆಯಾಚೆಯ ನಿಲ್ದಾಣದಲ್ಲಿ ಇಳಿದಳು. ತಿರುಗಿ ಹೋಗುವ ಬಸ್ಸಿಗೆ ಅರ್ಧ ಗಂಟೆ ಕಾಯಬೇಕೆಂದು ತಿಳಿಯಿತು. ಕಾದಳು. “ಏನೂ ಗಾಬರಿ ಆಗಲಿಲ್ಲ. ನನ್ನ ಗಂಡ ತಾನೇ, ನಿಂತಲ್ಲೇ ಬೇರು ಬಿಟ್ಕೊಂಡು ನಿಂತಿರ್ತಾರೆ. ನಾಳೆ ಹೋದ್ರೂ ಅಲ್ಲೇ ಸಿಗ್ತಾರೆ ಅನ್ನಿಸಿತ್ತು” ಎಂದು ಆಮೇಲೆ ನಮಗೆ ಹೇಳಿದಳು. ತಿರುಗಿ ಬರುವಾಗ ಸೇತುವೆಯ ಮೇಲಿಂದ ನದಿಯನ್ನೂ ಆರಾಮಾಗಿ ನೋಡಿಕೊಂಡು ಬಂದಳಂತೆ.

ಮಾರುಕಟ್ಟೆಯ ನಿಲ್ದಾಣದಲ್ಲಿ ದೊಡ್ಡಪ್ಪನಿರಲಿಲ್ಲ.

ಅಲ್ಲಿ ದೊಡ್ಡ ಕೊಡೆಯ ಕೆಳಗೆ ಬೀಗದ ಕೈ ಮಾಡುವವನೊಬ್ಬ ಕೂತಿದ್ದ. ದೊಡ್ಡಮ್ಮ ಅವನನ್ನು ಕೇಳಿದಳು.

“ಕನ್ನಡಕ ಒರೆಸ್ತಾ ನಿಂತಿದ್ರಲ್ಲ, ಅವರಾ? ಹಿಂದೇನೇ ಬಂದ ಬಸ್ ಹತ್ತಿ ಹೋದ್ರು.”

“ಹತ್ತಿದ್ರಾ? ತಾವಾಗೇ?”

“ನಾನೇನೂ ತಳ್ಳಲಿಲ್ಲಮ್ಮ” ಎಂದು ಅವನು ಅರವನ್ನು ಕೈಗೆತ್ತಿಕೊಂಡ.

ದೊಡ್ಡಮ್ಮ ಮೂವತ್ತನಾಲ್ಕು ವರ್ಷದ ದಾಂಪತ್ಯವನ್ನೆಲ್ಲ ಮನಸ್ಸಿನಲ್ಲಿ ಒಮ್ಮೆ ತಿರುವಿ ಹಾಕಿದಳು. ಆ ಮನುಷ್ಯ ಪಾಸಿಲ್ಲದೆ, ಪರ್ಸಿಲ್ಲದೆ, ಗೊತ್ತಿಲ್ಲದ ಊರಿನಲ್ಲಿ, ಒಬ್ಬನೇ ಬಸ್ಸು ಹತ್ತುವುದೇ? ನಿಲ್ದಾಣದ ಆ ತುದಿಯಿಂದ ಈ ತುದಿಯವರೆಗೆ ಇನ್ನೊಮ್ಮೆ ಹುಡುಕಿ ಬಂದಳು.

ಅತ್ತ ದೊಡ್ಡಪ್ಪನ ಲೆಕ್ಕಾಚಾರ ಬೇರೆಯೇ ಆಗಿತ್ತು. ಬಸ್ಸು ಹೋದ ಮೇಲೆ ಕನ್ನಡಕ ತೆಗೆದು ಚೆನ್ನಾಗಿ ಒರೆಸಿ ಯೋಚಿಸಿದನಂತೆ. ಈಕೆ ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಕೊನೆಯ ನಿಲ್ದಾಣಕ್ಕೆ ಮುಂಚೆ ಬಸ್ಸು ಬಿಟ್ಟು ಇಳಿದವಳಲ್ಲ. ಇವತ್ತೂ ಇಳಿಯುವುದಿಲ್ಲ. ಆದ್ದರಿಂದ ತಾನೂ ಅಲ್ಲಿಗೇ ಹೋಗಬೇಕು. ಎರಡು ಸಲ ಯೋಚಿಸಿದ, ಎರಡು ಸಲವೂ ಅದೇ ಉತ್ತರ ಬಂತು. ಅದೇ ನಂಬರಿನ ಮುಂದಿನ ಬಸ್ಸು ಬಂದಾಗ ಹತ್ತಿಬಿಟ್ಟ.

ಆ ಬಸ್ಸಿನ ಕಂಡಕ್ಟರು ದಪ್ಪ ಮೀಸೆಯವನು.

“ಪಾಸು?”

“ಮುಂದೆ ಹೋದ ಬಸ್ಸಲ್ಲಿದೆ.”

“ನೀವು ಈ ಬಸ್ಸಲ್ಲಿ, ಪಾಸು ಆ ಬಸ್ಸಲ್ಲಿ?”

“ಹೌದು. ನನ್ನ ಹೆಂಡತಿ ಹತ್ತಿರ.”

“ಅವರು ಯಾಕೆ ನಿಮ್ಮನ್ನ ಬಿಟ್ಟು ಹೋದ್ರು?”

“ಬಿಟ್ಟು ಹೋಗಲಿಲ್ಲ. ಬಾಗಿಲು ಮುಚ್ಚಿಕೊಳ್ತು.”

ಅಕ್ಕಪಕ್ಕದವರು ನಕ್ಕರು. ಬೇರೆ ದಿನವಾಗಿದ್ದರೆ ದೊಡ್ಡಪ್ಪ ಅಷ್ಟಕ್ಕೇ ಕೆಂಪಗಾಗಿ ಇಳಿದು ನಡೆದುಬಿಡುತ್ತಿದ್ದ. ಅಂದು ಇಳಿಯಲಿಲ್ಲ. ಮೀಸೆಯ ಕಂಡಕ್ಟರನ್ನು ನೆಟ್ಟಗೆ ನೋಡಿ, “ನೋಡಿ, ನನ್ನ ಹೆಂಡತೀನೂ ಕಂಡಕ್ಟರೇ. ಅವಳು ನಿಮ್ಮ ಜಾಗದಲ್ಲಿದ್ದಿದ್ರೆ ನನ್ನನ್ನ ದಾರಿಯಲ್ಲಿ ಇಳಿಸ್ತಿರಲಿಲ್ಲ, ಸುಮ್ಮನೆ ಬಿಡ್ತಾನೂ ಇರಲಿಲ್ಲ. ಕೊನೆ ಸ್ಟಾಪಲ್ಲಿ ಟೈಮ್ ಕೀಪರ್ ಮುಂದೆ ತಂದು ನಿಲ್ಲಿಸ್ತಿದ್ದಳು. ನೀವೂ ಹಾಗೇ ಮಾಡಿ” ಎಂದ.

ಮೀಸೆಯವನಿಗೆ ಇದು ಹೊಸದು. ನಿಯಮವನ್ನು ತನಗೇ ತಿಳಿಸಿ ಹೇಳಿದ ಪ್ರಯಾಣಿಕ ಅವನಿಗೆ ಹಿಂದೆ ಸಿಕ್ಕಿರಲಿಲ್ಲ. “ಸರಿ, ಕೂತ್ಕೊಳ್ಳಿ. ಆದ್ರೆ ನನ್ನ ಕಣ್ಣಿಗೆ ಕಾಣೋ ಹಾಗೆ ಕೂತ್ಕೊಳ್ಳಿ” ಎಂದ. ಅವನ ಕಣ್ಣಿಗೆ ಕಾಣುವ ಜಾಗ ಕಿಟಕಿಯ ಪಕ್ಕದ್ದೇ ಆಗಿತ್ತು. ದೊಡ್ಡಪ್ಪ ನಲವತ್ತು ನಿಮಿಷ ಊರು ನೋಡಿಕೊಂಡು ಹೋದ.

ಕೊನೆಯ ನಿಲ್ದಾಣದಲ್ಲಿ ಹೆಂಡತಿ ಕಾಣಲಿಲ್ಲ. ತಗಡಿನ ಮಾಡಿನ ಒಂದು ಕೋಣೆ, ಗೋಡೆಯ ಮೇಲೆ ಬಸ್ಸುಗಳ ವೇಳೆಯ ಹಲಗೆ, ಎರಡು ಬೆಂಚು, ಒಂದು ಮೇಜು. ಮೇಜಿನ ಹಿಂದೆ ಟೈಮ್ ಕೀಪರು. ಮೀಸೆಯವನು ದೊಡ್ಡಪ್ಪನನ್ನು ಅವರ ಮುಂದೆ ನಿಲ್ಲಿಸಿ ವಿಷಯ ಹೇಳಿದ. ಟೈಮ್ ಕೀಪರು ತಲೆಯೆತ್ತಿದರು. ಅವರ ಕನ್ನಡಕದ ಒಂದು ಕಡ್ಡಿ ದಾರದಲ್ಲಿ ಕಟ್ಟಿಕೊಂಡು ನೇತಾಡುತ್ತಿತ್ತು. ಒಂದು ಕೈಯಲ್ಲಿ ಅದನ್ನು ಮೂಗಿನ ಮೇಲೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಬರೆಯುತ್ತಿದ್ದರು.

ದೊಡ್ಡಪ್ಪನಿಗೆ ಅದನ್ನು ನೋಡಿಕೊಂಡು ಸುಮ್ಮನಿರಲಾಗಲಿಲ್ಲ. “ಇಲ್ಲಿ ಕೊಡಿ ಸ್ವಾಮಿ” ಎಂದು ಕೈ ಚಾಚಿದ. ಹಲ್ಲುಜ್ಜುವುದನ್ನು ಮರೆತರೂ ಅವನು ಸಣ್ಣ ಸ್ಕ್ರೂ ಡ್ರೈವರನ್ನು ಜೇಬಿನಲ್ಲಿಟ್ಟುಕೊಳ್ಳದೆ ಮನೆಯಿಂದ ಹೊರಬೀಳುವವನಲ್ಲ. ಪೆನ್ನಿನ ಹಾಗೆ ಅದು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡೇ ಇರುತ್ತದೆ. ಅದರ ಹಿಡಿಯೊಳಗೆ ನಾಲ್ಕೈದು ಬಿಡಿ ತಿರುಪುಗಳೂ ಇದ್ದವು. ದಾರ ಬಿಚ್ಚಿ, ತಿರುಪು ಕೂರಿಸಿ, ಮೂಗಿನ ಮೇಲಿನ ಭಾಗವನ್ನು ಬೆರಳಲ್ಲಿ ಸ್ವಲ್ಪ ಬಗ್ಗಿಸಿ, ಅಂಗಿಯ ತುದಿಯಲ್ಲಿ ಗಾಜು ಒರೆಸಿ ಕೊಟ್ಟ. ಟೈಮ್ ಕೀಪರು ಹಾಕಿಕೊಂಡು ಎರಡೂ ಕೈ ಬಿಟ್ಟರು. ಕನ್ನಡಕ ಅಲ್ಲೇ ನಿಂತಿತು. ಗೋಡೆಯ ಹಲಗೆಯನ್ನು ಒಮ್ಮೆ ಓದಿದರು, ಕಿಟಕಿಯಾಚೆ ನಿಂತ ಬಸ್ಸಿನ ನಂಬರನ್ನು ಓದಿದರು. ಆಮೇಲೆ ಎದ್ದು ನಿಂತು, ತಮ್ಮ ಕುರ್ಚಿಯನ್ನೇ ದೊಡ್ಡಪ್ಪನ ಕಡೆ ತಳ್ಳಿದರು.

“ನಿಮ್ಮ ಮನೆಯವರಿಗೆ ಫೋನ್ ಮಾಡೋಣ. ನಂಬರ್ ಹೇಳಿ.”

ದೊಡ್ಡಪ್ಪನಿಗೆ ನೆನಪಿದ್ದುದು ಅವನದೇ ನಂಬರು. ಹೇಗೂ ಅದು ಹೆಂಡತಿಯ ಚೀಲದಲ್ಲೇ ಇತ್ತಲ್ಲ. ಹೀಗೆ ಮಾರುಕಟ್ಟೆಯಲ್ಲಿ, ಬೀಗದ ಕೈ ಮಾಡುವವನ ಕೊಡೆಯ ಪಕ್ಕ ನಿಂತಿದ್ದ ದೊಡ್ಡಮ್ಮನ ಚೀಲದೊಳಗೆ ಗಂಡನ ಫೋನು ಬಡಿದುಕೊಂಡಿತು.

“ನಾವು ಬಸ್ ಟರ್ಮಿನಸ್ಸಿಂದ ಮಾತಾಡ್ತಿದ್ದೀವಿ. ನಿಮ್ಮ ಯಜಮಾನ್ರು ಇಲ್ಲಿದ್ದಾರೆ. ಪಾಸಿಲ್ಲದೆ ಸಿಕ್ಕಿಬಿದ್ರು.”

“ಹಿಡ್ಕೊಂಡಿರಿ, ಬಿಡಬೇಡಿ. ಬರ್ತಿದ್ದೀನಿ” ಎಂದಳು ದೊಡ್ಡಮ್ಮ.

ಅವಳು ಬಂದು ಇಳಿದಾಗ ಕಂಡದ್ದು ಇದು: ತನ್ನ ಗಂಡ ಟೈಮ್ ಕೀಪರರ ಕುರ್ಚಿಯಲ್ಲಿ ಕೂತಿದ್ದಾನೆ, ಎದುರಿಗೆ ಸಮವಸ್ತ್ರದ ಐದಾರು ಜನ ಸಾಲಾಗಿ ನಿಂತಿದ್ದಾರೆ, ಒಬ್ಬೊಬ್ಬರ ಕೈಯಲ್ಲೂ ಕನ್ನಡಕ. ಮೀಸೆಯವನು ಸಾಲಿನ ಮೊದಲಲ್ಲಿದ್ದ, ಅವನ ಕೈಯಲ್ಲಿದ್ದುದು ಅವನ ತಾಯಿಯ ಕನ್ನಡಕ. ಹತ್ತಿರದಲ್ಲೇ ಮನೆಯಂತೆ, ಓಡಿ ಹೋಗಿ ತಂದಿದ್ದ. ದೊಡ್ಡಪ್ಪ ಗಾಜನ್ನು ಬೆಳಕಿಗೆ ಹಿಡಿದು, “ಇದನ್ನ ಮಲಗೋವಾಗಲೂ ಹಾಕ್ಕೊಂಡಿರ್ತಾರೆ ಅಲ್ವಾ? ತೆಗೆದಿಡೋಕೆ ಹೇಳಿ” ಎನ್ನುತ್ತಿದ್ದ. ಅಷ್ಟು ಗಟ್ಟಿ ದನಿಯಲ್ಲಿ, ಗುರುತಿಲ್ಲದ ಅಷ್ಟು ಜನರ ನಡುವೆ ಅವನು ಮಾತಾಡಿದ್ದನ್ನು ದೊಡ್ಡಮ್ಮ ಎಂದೂ ಕೇಳಿರಲಿಲ್ಲ.

ಅವಳನ್ನು ನೋಡಿ ಅವನು, “ಬಂದ್ಯಾ ಕಂಡಕ್ಟ್ರೇ? ಸ್ವಲ್ಪ ಕೂತ್ಕೋ, ಇನ್ನೂ ಮೂರು ಜನ ಇದ್ದಾರೆ” ಎಂದ.

ದೊಡ್ಡಮ್ಮ ಕೂತಳು. ಯಾರೋ ಚಹಾ ತಂದುಕೊಟ್ಟರು. ಟೈಮ್ ಕೀಪರು ಅವಳ ಡಿಪೋ, ಸರ್ವಿಸು, ರೂಟು ಎಲ್ಲ ವಿಚಾರಿಸಿದರು. ಕೆಲಸ ಮುಗಿಸಿ ದೊಡ್ಡಪ್ಪ ಪಕ್ಕಕ್ಕೆ ಬಂದು ಕೂತ ಮೇಲೆ ಅವಳು ಮೆಲ್ಲಗೆ, “ರೀ, ನೀವು ಅಲ್ಲೇ ನಿಂತಿರ್ತೀರ ಅಂದ್ಕೊಂಡಿದ್ದೆ” ಎಂದಳು.

“ನೀನು ಕೊನೆ ತನಕ ಇಳಿಯಲ್ಲ ಅಂತ ನಾನು ಅಂದ್ಕೊಂಡಿದ್ದೆ.”

“ನಿಮಗೋಸ್ಕರ ಇಳಿದೆ.”

“ನಾನೂ ಅದಕ್ಕೇ ಹತ್ತಿದ್ದು.”

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮೀಸೆಯವನು ಆ ನಗುವಿನ ನಡುವೆಯೇ ಬಂದು, “ಅಮ್ಮಾ, ತಪ್ಪು ತಿಳ್ಕೋಬೇಡಿ, ಆ ಪಾಸನ್ನ ಒಂದು ಸಲ ನೋಡಬೇಕಿತ್ತು” ಎಂದು ತಲೆ ಕೆರೆದುಕೊಂಡ. ದೊಡ್ಡಮ್ಮ ಪಾಸು ತೆಗೆದು ಅವನ ಕೈಗೇ ಕೊಟ್ಟಳು. “ತಾರೀಖೂ ನೋಡಿ. ಹಳೇ ಪಾಸು ತೋರಿಸೋರು ಬೇಕಾದಷ್ಟು ಜನ ಇರ್ತಾರೆ” ಎಂದಳು. ಅವನು ತಾರೀಖನ್ನೂ ನೋಡಿದ. ಅವನ ಮೇಲೆ ದೊಡ್ಡಮ್ಮನಿಗೆ ಗೌರವ ಬಂದದ್ದು ಆಗಲೇ.

ಉಳಿದ ಎರಡು ದಿನ ದೊಡ್ಡಪ್ಪನೇ ಮುಂದೆ, ದೊಡ್ಡಮ್ಮ ಹಿಂದೆ. ಯಾವ ಬಸ್ಸು ಎಂದು ಅವನೇ ಆರಿಸಿದ. ದಾರಿಯನ್ನು ಅವನೇ ಕೇಳಿದ, ಕೆಲವೊಮ್ಮೆ ಗೊತ್ತಿದ್ದ ದಾರಿಯನ್ನೂ ಕೇಳಿದ. ಕೇಳುವುದರಲ್ಲಿ ಅವನಿಗೊಂದು ರುಚಿ ಹತ್ತಿತ್ತು.

ಕೊನೆಯ ದಿನ, ಟೈಮ್ ಕೀಪರು ಹೇಳಿದ್ದ ಒಂದು ಬಸ್ಸಿನಲ್ಲಿ ಹೋದರು. ದಿನಕ್ಕೆ ಎರಡೇ ಸಲ ಹೋಗುವ ಬಸ್ಸು ಅದು. ಮನೆಗಳು ಕಡಿಮೆಯಾಗುತ್ತಾ ಬಂದು, ನದಿ ಅಗಲವಾಗಿ, ರಸ್ತೆ ಒಂದು ದೋಣಿ ಕಟ್ಟುವ ಅಂಗಳದಲ್ಲಿ ಮುಗಿಯಿತು. ದೊಡ್ಡಮ್ಮ ಅರ್ಧ ದಾರಿಯಲ್ಲೇ ಗಂಡನ ಭುಜಕ್ಕೆ ಒರಗಿ, ಬಾಯಿ ತೆರೆದು ನಿದ್ದೆ ಹೋಗಿದ್ದಳು. ಹತ್ತಿದವರೆಷ್ಟು, ಇಳಿದವರೆಷ್ಟು ಒಂದೂ ಅವಳಿಗೆ ಗೊತ್ತಾಗಲಿಲ್ಲ. ಅಂಗಳದಲ್ಲಿ ಅರ್ಧ ಹಲಗೆ ಹೊಡೆದ ದೊಡ್ಡ ದೋಣಿಯೊಂದು ಮರದ ದಿಮ್ಮಿಗಳ ಮೇಲೆ ನಿಂತಿತ್ತು. ಬಡಗಿಗಳು ಊಟಕ್ಕೆ ಕೂತಿದ್ದರು. ದೊಡ್ಡಪ್ಪ ಹೋಗಿ ಅವರನ್ನು ಮಾತಾಡಿಸಿ, ದೋಣಿಯ ನೆರಳಲ್ಲಿ ಕೂರಲು ಒಪ್ಪಿಗೆ ತೆಗೆದುಕೊಂಡು ಬಂದ. ಇಬ್ಬರೂ ಬ್ರೆಡ್ಡು, ಬಾಳೆಹಣ್ಣು ತಿಂದರು. ತಲೆಯ ಮೇಲೆ ಹಸಿ ಮರದ ವಾಸನೆ, ಹಲಗೆಗಳ ಸಂದಿನಿಂದ ಪಟ್ಟಿ ಪಟ್ಟಿಯಾಗಿ ಇಳಿಯುವ ಬಿಸಿಲು.

“ತಿರುಗಿ ಹೋಗೋ ಬಸ್ಸು ಎಷ್ಟು ಹೊತ್ತಿಗೆ?” ಎಂದಳು ದೊಡ್ಡಮ್ಮ.

“ನಾಲ್ಕಕ್ಕಂತೆ. ಇನ್ನೂ ಮೂರು ಗಂಟೆ ಇದೆ.”

“ಬರಲಿ ಬಿಡಿ” ಎಂದು ಅವಳು ಕೈಚೀಲವನ್ನು ತಲೆದಿಂಬು ಮಾಡಿಕೊಂಡು ಅಲ್ಲೇ ಕಾಲು ಚಾಚಿದಳು.