ಚಳಿಗಾಲದ ಗಾರೆ

ಗೆಳೆಯ ಸ್ತಾಬಿಲಿಯೋ ಗಾರೆ ಮೆತ್ತಿದ ಕಾಲುವೆಯಲ್ಲಿ ಕೈಯಾಡಿಸಿದರೆ ಬೆಣ್ಣೆಯ ಮೇಲೆ ಆಡಿಸಿದ ಹಾಗಿರುತ್ತಿತ್ತು. ಅವನ ಮೇಲಿನ ಪ್ರೀತಿಯಿಂದ ಇದನ್ನು ಹೇಳುತ್ತಿಲ್ಲ. ಇಪ್ಪತ್ತು ವರ್ಷ ಅವನ ಜೊತೆ ಒಂದೇ ರೊಟ್ಟಿ ಮುರಿದು ತಿಂದವನು ನಾನು. ಅವನು ಗಾರೆಯವನು, ನಾನು ಸುಣ್ಣ ಅರಳಿಸುವವನು, ಇಬ್ಬರೂ ವಿಬಿದಿಯಸ್ ಧಣಿಯ ಗುಲಾಮರು. ಗುಂಡಿಯಲ್ಲಿ ಮೂರು ವರ್ಷ ನೆನೆಯದ ಸುಣ್ಣವನ್ನು ನಾನು ಅವನಿಗೆ ಒಂದು ಬುಟ್ಟಿಯೂ ಕೊಟ್ಟವನಲ್ಲ.

ಆ ವರ್ಷ ಧಣಿ ಊರಿನ ಅಧಿಕಾರಿಯಾಗಿದ್ದ. ಬೆಟ್ಟದ ಒರತೆಯ ನೀರನ್ನು ಕಮಾನುಗಳ ಮೇಲೆ ಹಾಯಿಸಿ ಚೌಕದ ಕಾರಂಜಿಗೆ ತರಬೇಕೆಂಬ ಹಟ ಅವನದು. ನೀರು ಬರುವ ಮೊದಲೇ ಕಾರಂಜಿಯ ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಂಡಿದ್ದ. ಡಿಸೆಂಬರಿಗೆ ಅಧಿಕಾರ ಮುಗಿಯುತ್ತಿತ್ತು. ನವೆಂಬರ್ ದಾಟಿ ಇಬ್ಬನಿ ಹೆಪ್ಪುಗಟ್ಟಿದರೂ ನೂರು ಹೆಜ್ಜೆ ಕಾಲುವೆಗೆ ಗಾರೆ ಬಾಕಿಯಿತ್ತು. ಆ ಚಳಿಯಲ್ಲಿ ಗಾರೆ ಹಾಕಬಾರದೆಂದು ನಮ್ಮಲ್ಲಿ ಕತ್ತೆ ಕಾಯುವವನಿಗೂ ಗೊತ್ತು. ಆದರೂ ಧಣಿ ಸ್ತಾಬಿಲಿಯೋನನ್ನು ಕರೆದು, ಡಿಸೆಂಬರ್ ನಡುವೆ ಬರುವ ಸಟರ್ನಸ್ ದೇವರ ಹಬ್ಬದೊಳಗೆ ನೀರು ಬಂದರೆ ನಿನಗೆ ಬಿಡುಗಡೆ ಎಂದ.

"ಬೇಡ ಕಣೋ, ವಸಂತದ ತನಕ ತಡಿ. ಬಿರುಕು ಬಿಡ್ತದೆ," ಎಂದೆ ನಾನು.

"ನಂಗೊತ್ತಿಲ್ವೇನೋ? ವಸಂತ ಬರೋ ಹೊತ್ತಿಗೆ ಇವನ ಅಧಿಕಾರಾನೂ ಇರಲ್ಲ, ಈ ಮಾತೂ ಇರಲ್ಲ. ನಂಗೆ ಐವತ್ತಾಯ್ತು," ಎಂದ.

ಅವನ ಜಾಗದಲ್ಲಿದ್ದರೆ ನಾನೂ ಮೆತ್ತುತ್ತಿದ್ದೆ.

ಹಬ್ಬಕ್ಕೆ ಎರಡು ದಿನ ಮುಂಚೆ ನೀರು ಬಂತು. ಹಬ್ಬದಲ್ಲಿ ಗುಲಾಮರೆಲ್ಲ ಬಿಡುಗಡೆಯಾದವರ ಟೋಪಿ ಹಾಕಿಕೊಂಡು ಕುಣಿಯುತ್ತೇವೆ, ಮುಗಿದ ಮೇಲೆ ತೆಗೆದಿಡುತ್ತೇವೆ. ಆ ಸಲ ಅವನೊಬ್ಬನ ಟೋಪಿ ತಲೆಯ ಮೇಲೇ ಉಳಿಯಿತು. ಅವನನ್ನು ತಬ್ಬಿಕೊಂಡು ಖುಷಿಗೆ ಅತ್ತುಬಿಟ್ಟೆ, ದಡ್ಡ ನಾನು.

ಮಾರ್ಚಿನಲ್ಲಿ ಕಾಲುವೆ ಬಾಯಿಬಿಟ್ಟು ಕೆಳಗಿನ ದ್ರಾಕ್ಷಿ ತೋಟ ಕೊಚ್ಚಿಹೋಯಿತು. ವಿಚಾರಣೆ ಕೂಡಿತು. ನಮ್ಮ ಕಾನೂನಿನಲ್ಲಿ ಸ್ವತಂತ್ರನ ಮಾತು ಮಾತೇ. ಗುಲಾಮನ ಮಾತು ಸಾಕ್ಷಿಯಾಗಬೇಕಾದರೆ ಹಿಂಸೆ ಕೊಟ್ಟೇ ಕೇಳಬೇಕು. ಸ್ತಾಬಿಲಿಯೋ ಒಗೆದ ಬಿಳಿ ಬಟ್ಟೆಯುಟ್ಟು ಬಂದು ನಿಂತ. ನನ್ನ ಕಡೆ ತಿರುಗಲಿಲ್ಲ.

"ನನ್ನ ಕೈಕೆಲ್ಸ ಸರಿಯಿತ್ತು ಸ್ವಾಮಿ. ಸುಣ್ಣ ಅರಳಿರ್ಲಿಲ್ಲ," ಎಂದ.

ನನ್ನನ್ನು ಹಗ್ಗ ಕಟ್ಟಿ ಎಳೆದರು. ಎರಡು ದಿನ ಚಳಿಯ ತಪ್ಪು ಎಂದೆ. ಮೂರನೆಯ ದಿನ ಸುಣ್ಣದ ತಪ್ಪು ಎಂದೆ. ಅವತ್ತಿನಿಂದ ನನ್ನ ಬಲಗೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕಂತೆ. ತಿಂದವನು ಅವನು, ಕುಡಿದವನು ನಾನು.

ಹೋದ ವರ್ಷ ಅವನು ಸತ್ತ. ಅವನ ಹೆಂಡತಿ ನನ್ನ ಗುಂಡಿಯ ಹತ್ತಿರ ಬಂದು ತಲೆ ತಗ್ಗಿಸಿ ನಿಂತಳು.

"ಗೋರಿಗೆ ಬೇರೆ ಯಾರ ಸುಣ್ಣಾನೂ ಬೇಡ, ನಿಮ್ದೇ ಆಗ್ಬೇಕು ಅಂತ ಅವ್ರೇ ಅಂದಿದ್ರು, ಅಣ್ಣ," ಎಂದಳು.

ಹಸಿ ಸುಣ್ಣದ ಗುಂಡಿ ಪಕ್ಕದಲ್ಲೇ ಇತ್ತು. ಅದನ್ನೇ ಕೊಟ್ಟಿದ್ದರೆ ಒಂದೇ ಮಳೆಗೆ ಗೋರಿ ಸೀಳುತ್ತಿತ್ತು. ಆದರೆ ಆಗ ಅವನು ಹೇಳಿದ್ದೇ ನಿಜವಾಗುತ್ತಿತ್ತು. ಮೂರು ವರ್ಷ ನೆನೆದದ್ದನ್ನೇ ಎಡಗೈಯಲ್ಲಿ ತೋಡಿ ಕೊಟ್ಟೆ.