ಕಮಲಾಪುರದ ಶಾಲೆಯಂಗಳದಲ್ಲಿ ಹೊಡೆದ ನೀರು

ಮನುಷ್ಯರ ಮೇಲೆ ಬ್ಲೀಚಿಂಗ್ ನೀರು ಹೊಡೆದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಬೇರೆಯವರ ಮೇಲೆ ಹಾಕಿ ಜಾರಿಕೊಳ್ಳುವ ಆಸೆಯಾಗುತ್ತದೆ.

ಕೊರೊನಾ ಬಂದ ಮೊದಲ ಬೇಸಿಗೆ. ಕಲಬುರಗಿಯಲ್ಲಿ ನಾನು ಅಗ್ನಿಶಾಮಕ ದಳದವನು. ಬೆಂಕಿ ಆರಿಸುವ ಗಾಡಿಯ ಟ್ಯಾಂಕಿಗೆ ಕ್ರಿಮಿನಾಶಕ ಬೆರೆಸಿ ಬೀದಿ ಬೀದಿ ತೊಳೆಯುವುದೇ ಆಗ ನಮ್ಮ ಕೆಲಸ. ಖೂಬಾ ಪ್ಲಾಟ್ ಬಡಾವಣೆಯಲ್ಲಿ ಜನ ಮಾಳಿಗೆ ಮೇಲೆ ನಿಂತು ಚಪ್ಪಾಳೆ ತಟ್ಟಿದರು, ಹೂ ಎಸೆದರು. ಒಬ್ಬರಂತೂ ತಮ್ಮ ಕಾರಿಗೂ ಒಂದು ಸುತ್ತು ಹೊಡೆಸಿಕೊಂಡು ಫೋಟೊ ತೆಗೆದರು. ನಾನೂ ಉಬ್ಬಿಹೋಗಿದ್ದೆ, ಸುಳ್ಳು ಯಾಕೆ ಹೇಳಲಿ.

ಆ ಉಬ್ಬಿನಲ್ಲೇ ಕಮಲಾಪುರಕ್ಕೆ ಹೋದೆವು. ಮುಂಬೈಯಿಂದ ವಾಪಸ್ ಬಂದ ಕೂಲಿಕಾರರನ್ನು ಅಲ್ಲಿ ಶಾಲೆಯೊಂದರಲ್ಲಿ ಇರಿಸಿದ್ದರು. ನಮಗೆ ಹೇಳಿದ್ದು ಗೋಡೆ, ಬಾಗಿಲು, ನೆಲಕ್ಕೆ ಹೊಡೆಯಲು ಮಾತ್ರ. ಕೋಣೆ ಖಾಲಿಯಾಗಲೆಂದು ಎಲ್ಲರನ್ನೂ ಅಂಗಳಕ್ಕೆ ಕರೆದು ಸಾಲಾಗಿ ನಿಲ್ಲಿಸಿದ್ದೆವು. ಗೇಟಿನ ಹೊರಗೆ ಮೂಗಿಗೆ ಟವೆಲ್ ಕಟ್ಟಿಕೊಂಡು ಊರಿನ ಏಳೆಂಟು ಹಿರಿಯರು ನಿಂತಿದ್ದರು. ಅವರಲ್ಲೊಬ್ಬರು, "ಗ್ವಾಡಿಗೆ ಹೊಡದು ಏನ್ ಮಾಡ್ತೀರಿ ಸಾಹೇಬ್ರ? ರೋಗ ತಂದವರು ಇಲ್ಲೇ ನಿಂತಾರಲ್ರೀ, ಅವರ ಮ್ಯಾಲ ಹೊಡೀರಿ," ಎಂದರು. ಉಳಿದವರು ನಕ್ಕರು. ಆ ನಗು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ. ಅದಕ್ಕಿಂತ ಹೇಸಿಗೆ, ನಾನೂ ಹೌದೆಂದು ತಲೆಯಾಡಿಸಿದ್ದು.

ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿದೆ. ಪಂಪಿನ ಹತ್ತಿರ ನಿಂತವನಿಗೆ ಮುಂದೆ ಏನಿದೆ ಎಂಬುದು ಕಾಣುವುದಿಲ್ಲ. ಪೈಪಿನ ಮೂತಿ ಹಿಡಿದವನು ಕೈ ಎತ್ತಿದರೆ ಇವನು ನೀರು ಬಿಡುತ್ತಾನೆ, ಇಳಿಸಿದರೆ ನಿಲ್ಲಿಸುತ್ತಾನೆ, ಯಾಕೆಂದು ಕೇಳುವುದಿಲ್ಲ. ಅಂದು ಮೂತಿ ನನ್ನ ಕೈಯಲ್ಲಿತ್ತು. ಅದನ್ನು ತಿರುಗಿಸಿ ಧಾರೆಯನ್ನು ತುಂತುರು ಮಾಡಿದೆ, ಅದನ್ನೇ ದೊಡ್ಡ ದಯೆ ಎಂದುಕೊಂಡೆ. "ಕಣ್ಣು ಮುಚ್ಕೊಳ್ರಿ ಎಲ್ಲಾರೂ," ಎಂದು ಹೇಳಿ ಕೈ ಎತ್ತಿದೆ.

ಸಾಲಿನಲ್ಲಿದ್ದ ಹೆಂಗಸೊಬ್ಬಳು, "ಬೆಂಕಿ ಹತ್ತ್ಯಾದೇನ್ರೀ ನಮಗ?" ಎಂದು ಕೇಳುವಷ್ಟರಲ್ಲಿ ನೀರು ಬಂದಿತ್ತು. ಅವಳು ಮಗಳ ಮುಖಕ್ಕೆ ಸೆರಗು ಎಳೆದಳು. ಎರಡೋ ಮೂರೋ ವರ್ಷದ ಹೆಣ್ಣುಕೂಸು. ನಾನು ಹೇಳಿದ್ದು ಅದಕ್ಕೇನು ತಿಳಿಯಬೇಕು? ಸೆರಗಿನ ಸಂದಿಯಿಂದ ಕೆಂಪು ಗಾಡಿಯನ್ನು ಬೆರಗಿನಿಂದ ನೋಡುತ್ತಿತ್ತು. ಮರುಕ್ಷಣ ಕಿರುಚಿತು.

ಕೈ ಇಳಿಸಿದೆ. ಕೂಸಿನ ರೆಪ್ಪೆಗಳು ಊದಿ ಅಂಟಿಕೊಂಡಿದ್ದವು. "ನೀರು ಕೊಡ್ರೀ, ಕಣ್ಣು ತೊಳೀತೀನಿ," ಎಂದು ತಾಯಿ ನಮ್ಮ ಗಾಡಿಯತ್ತಲೇ ಕೈ ಮಾಡಿದಳು. ಟ್ಯಾಂಕಿನ ತುಂಬಾ ನೀರು, ಎಲ್ಲವೂ ಅದೇ ವಿಷ. ಶಾಲೆಯ ನಲ್ಲಿಯಲ್ಲಿ ಹನಿಯಿಲ್ಲ. ಕೂಲಿಕಾರರದೇ ಬಕೆಟ್ ಹಿಡಿದು ಹೊರಗಿನ ಬೋರಿಗೆ ಓಡಿದರೆ ಆ ಹಿರಿಯರು ಅಡ್ಡ ನಿಂತರು. "ಅವರ ಸಾಮಾನ ಇಲ್ಲಿ ತರಬ್ಯಾಡ್ರಿ. ಊರೆಲ್ಲ ಇದೇ ನೀರು ಕುಡೀತದ," ಎಂದರು. ಥೂ, ಇಂಥವರ ಮಾತಿಗೇ ನಾನು ಕೈ ಎತ್ತಿದ್ದು.

ಗಾಡಿಯಲ್ಲಿ ನಾನು ಕುಡಿಯಲು ಇಟ್ಟುಕೊಂಡಿದ್ದ ಬಾಟಲಿಯೊಂದು ನೆನಪಾಯಿತು. ತಂದು ತಾಯಿಯ ಬೊಗಸೆಗೆ ಸುರಿಯುತ್ತಾ ಹೋದೆ. ಅವಳು ತೊಳೆದಳು, ಮತ್ತೆ ತೊಳೆದಳು. ಬಾಟಲಿ ಖಾಲಿಯಾಗುವ ಹೊತ್ತಿಗೆ ಕೂಸು ಒಂದು ಕಣ್ಣು ಬಿಟ್ಟಿತು, ಆಮೇಲೆ ಇನ್ನೊಂದು. ಕೈ ಚಾಚಿ ಅವ್ವನ ಮೂಗುತಿ ಹಿಡಿಯಿತು. ಕಣ್ಣು ಕಾಣುತ್ತಿತ್ತು. ನನಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಅದು ನನ್ನತ್ತ ತಿರುಗಿತು. ನೋಡಿದ್ದೇ ತಡ, ಯಾರೂ ಹೇಳದೆಯೇ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿತು.